ಕಲೆಯಕ್ಕನ ಒಂಬತ್ತು ಚೀಟಿ

ವಕೀಲರ ಬಿಳಿ ಅಂಗಿಯ ತೋಳಿನ ಮೇಲೆ ಬಿದ್ದದ್ದು ಕಾಫಿಯಲ್ಲ, ಟೀ ಎಂದು ಕಲೆಯಕ್ಕ ವಾದಿಸುತ್ತಿದ್ದಳು. ತಾವು ಹುಟ್ಟಿದಾಗಿನಿಂದ ಟೀ ಮುಟ್ಟಿದವರೇ ಅಲ್ಲ ಎಂದು ವಕೀಲರು ಪ್ರತಿವಾದ ಹೂಡಿದ್ದರು.

"ನೀವು ಟೀ ಮುಟ್ಟಿರಲಿಕ್ಕಿಲ್ಲ ಸಾರ್, ಟೀ ನಿಮ್ಮನ್ನ ಮುಟ್ಟಿದೆ," ಎನ್ನುತ್ತಾ ಆಕೆ ತೋಳನ್ನು ಕಿಟಕಿಯ ಬೆಳಕಿಗೆ ಹಿಡಿದಳು. "ಈ ಅಂಚು ನೋಡಿ. ಇಪ್ಪತ್ತೆರಡು ವರ್ಷದಿಂದ ನೋಡ್ತಿದೀನಿ, ಈ ಅಂಚು ನಂಗೆ ಸುಳ್ಳು ಹೇಳಲ್ಲ."

ವಕೀಲರು ಅಂಚು ನೋಡಲಿಲ್ಲ. ಸಾಕ್ಷಿಯ ಸುಳ್ಳು ಹಿಡಿದಾಗ ಕೋರ್ಟಿನಲ್ಲಿ ಮಾಡುವ ಮುಖ ಮಾಡಿ, ತೋರುಬೆರಳು ಚಾಚಿ, "ಅದಿರಲಿ, ನಿಮ್ಮ ಮೇಲೆ ಬಿದ್ದಿರೋದು ಏನು? ಅದನ್ನ ಹೇಳಿ ನೋಡೋಣ," ಎಂದರು. ಬೆರಳು ಯಾವ ಕಡೆಗೆ ಗುರಿಯಿಟ್ಟಿದೆ ಎಂದು ಅವರಿಗೆ ಹೊಳೆದದ್ದು ಪ್ರಶ್ನೆ ಮುಗಿದ ಮೇಲೆ. ಕಿವಿಯ ತುದಿಯವರೆಗೆ ಕೆಂಪಾಗಿ, ಬೆರಳನ್ನು ಮಡಚಿ ಜೇಬಿನೊಳಗೆ ಹಾಕಿಕೊಂಡರು.

ಕಲೆಯಕ್ಕ ಬಗ್ಗಿ ನೋಡಿಕೊಂಡಳು. ಅಂಗಡಿಯ ತಿಳಿನೀಲಿ ಏಪ್ರನ್ನಿನ ಎಡಗಡೆ, ಎದೆಯ ಮೇಲೆ, ಅಂಗಿಯ ಗುಂಡಿಯಷ್ಟಗಲದ ಒಂದು ಕಂದು ಚುಕ್ಕೆ. ಅಂಚಿನಲ್ಲಿ ತುಕ್ಕಿನ ಬಣ್ಣ, ನಡುವೆ ಇನ್ನೂ ಹಸಿ. ಸಾಲಿನಲ್ಲಿ ನಿಂತಿದ್ದ ಇನ್ನಿಬ್ಬರು ಗಿರಾಕಿಗಳು ಚಾವಣಿಯ ಫ್ಯಾನನ್ನು ಮೊದಲ ಸಲ ಕಂಡವರಂತೆ ನೋಡತೊಡಗಿದರು.

"ಟೀ," ಎಂದಳು ಕಲೆಯಕ್ಕ.

"ಹಾಗಾದ್ರೆ ನಂದೂ ಟೀ ಅಂತಲೇ ಬರ್ಕೊಳ್ಳಿ," ಎಂದ ವಕೀಲರು ಅಂಗಿ ಬಿಟ್ಟು, ಚೀಟಿ ಬರೆಯುವುದಕ್ಕೂ ಕಾಯದೆ, ಹೊರಟೇಹೋದರು. ಅವರು ಕೇಸು ಸೋತದ್ದನ್ನು ಅಂಗಡಿಯವರು ನೋಡಿದ್ದು ಅದೇ ಮೊದಲು.

ಕಲೆಯಕ್ಕ ಎಂಬುದು ಅಂಗಡಿ ಇಟ್ಟ ಹೆಸರು. ಅವಳಿಗೆ ಹಾಡಲು ಬಾರದು, ಕುಣಿಯಲು ಬಾರದು. ಅವಳಿಗೆ ಬರುವ ಕಲೆ ಒಂದೇ, ಕಲೆ ತೆಗೆಯುವುದು. ಡ್ರೈಕ್ಲೀನಿಂಗ್ ಅಂಗಡಿಗೆ ಬರುವ ಪ್ರತಿಯೊಂದು ಬಟ್ಟೆಯನ್ನೂ ಮೊದಲು ಅವಳೇ ನೋಡಬೇಕು. ಅವಳ ಪ್ರಶ್ನೆಗಳು ಯಾವತ್ತೂ ಅವೇ, ಅದೇ ಕ್ರಮದಲ್ಲಿ. ಬಣ್ಣ ಏನಿತ್ತು? ಯಾವಾಗಿಂದ ಇದೆ? ತಾನಾಗಿ ಆಯ್ತಾ, ಚೆಲ್ಲಿದ್ದಾ? ಒಂದೇ ಕಡೆನಾ, ಬೇರೆ ಕಡೆಯೂ ಇದೆಯಾ? ಕೊನೆಗೆ, ಕಣ್ಣು ಕಿರಿದು ಮಾಡಿ, "ಮನೇಲಿ ಉಜ್ಜಿದಿರಾ?" ಉಜ್ಜಿದೆ ಎಂದವರಿಗೆ ಮಂಗಳಾರತಿ ತಪ್ಪಿದ್ದಲ್ಲ. ಉತ್ತರಗಳೆಲ್ಲ ಹಳದಿ ಚೀಟಿಯ ಮೇಲೆ ಬರುತ್ತಿದ್ದವು. ಚೀಟಿಯ ಅರ್ಧ ಬಟ್ಟೆಗೆ, ಅದೇ ನಂಬರಿನ ಇನ್ನರ್ಧ ಪುಸ್ತಕದಲ್ಲಿ. ಬಟ್ಟೆ ಹೋಗುವಾಗ ಎರಡೂ ಅರ್ಧ ಸೇರಿದರೇ ಲೆಕ್ಕ ಮುಗಿಯುವುದು. ಚೀಟಿ ಇಲ್ಲದ ಬಟ್ಟೆ ಆ ಅಂಗಡಿಯಲ್ಲಿ ಅನಾಥ.

ಹಿಂದಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕಲೆಯಕ್ಕ ಏಪ್ರನ್ ಬಿಚ್ಚಿದಳು. ಒಳಗಿನ ಅಂಗಿಗೂ ಅದೇ ಚುಕ್ಕೆ, ಅದರೊಳಗಿನದಕ್ಕೂ. ಹೊರಗಿನಿಂದ ಬಿದ್ದದ್ದಲ್ಲ, ಒಳಗಿನಿಂದ ಬಂದದ್ದು. ಕಪಾಟಿನಿಂದ ಪೆರಾಕ್ಸೈಡ್ ಸೀಸೆ ತೆಗೆದು ಒಂದು ಹನಿ ಬಿಟ್ಟಳು. ಚುಕ್ಕೆ ಬುಸ್ಸೆಂದು ಬಿಳಿ ನೊರೆ ಎಬ್ಬಿಸಿತು. ಟೀ ಹಾಗೆ ಮಾಡುವುದಿಲ್ಲ. ತುಕ್ಕೂ ಹಾಗೆ ಕೂಗಾಡುವುದಿಲ್ಲ. ಹಾಗೆ ಮಾಡುವುದು ರಕ್ತ.

ಎಡಗಡೆಯ ತೊಟ್ಟಿನ ತುದಿಯಲ್ಲಿ ಸೂಜಿಮೊನೆಯಷ್ಟು ಕೆಂಪು ನಿಂತಿತ್ತು. ನೋವಿಲ್ಲ, ಉರಿಯಿಲ್ಲ, ಗಂಟಿಲ್ಲ.

ಆಮೇಲೆ ಅವಳು ಮಾಡಿದ್ದನ್ನು ಬೇರೆ ಯಾವ ಹೆಂಗಸೂ ಅಷ್ಟು ಚೆನ್ನಾಗಿ ಮಾಡಲಾರಳು. ತಣ್ಣೀರು, ಸೋಪು, ಇನ್ನೆರಡು ಹನಿ ಪೆರಾಕ್ಸೈಡ್, ಮತ್ತೆ ತಣ್ಣೀರು. ಐದೇ ನಿಮಿಷದಲ್ಲಿ ಮೂರೂ ಬಟ್ಟೆಗಳ ಮೇಲೆ ಏನೂ ಆಗಿಯೇ ಇಲ್ಲ ಎಂಬಂತೆ ಮಾಡಿ, ಕೌಂಟರಿಗೆ ಬಂದು ನಿಂತಳು. ಮುಂದಿನ ಆರು ವಾರ, ಚುಕ್ಕೆ ಕಂಡಾಗಲೆಲ್ಲ, ಅವಳ ಕೈ ಅವಳನ್ನು ಕೇಳದೆ ಇದೇ ಕೆಲಸ ಮಾಡಿತು.

ಅವಳ ಚಿಕ್ಕಮ್ಮನೊಬ್ಬಳಿದ್ದಳು. ಎದೆಯಲ್ಲಿ ಗಂಟಿದೆ ಎಂದು ಯಾರಿಗೂ ಹೇಳದೆ, ಶಾಲು ಹೊದ್ದುಕೊಂಡು ಒಂದು ವರ್ಷ ನಗುನಗುತ್ತಾ ಓಡಾಡಿ, ಎರಡನೇ ವರ್ಷ ಇಲ್ಲವಾದವಳು. "ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲ," ಎಂದು ಮನೆಯವರೆಲ್ಲ ಅತ್ತಿದ್ದನ್ನು ಕಲೆಯಕ್ಕ ಮರೆತಿರಲಿಲ್ಲ. ನಲವತ್ತಾರನೇ ವಯಸ್ಸಿನಲ್ಲಿ ಆ ಶಾಲು ತಾನು ಹೊದೆಯುವುದಿಲ್ಲ ಎಂದು ಅವಳು ಅವತ್ತು ಸಂಜೆಯೇ ನಿಶ್ಚಯಿಸಿಬಿಟ್ಟಳು. ಹೇಳುತ್ತೇನೆ. ಕೇಳುವವರೇ ಸಿಗುವುದಿಲ್ಲ ಎಂದು ಅವಳಿಗೆ ಆಗ ಗೊತ್ತಿರಲಿಲ್ಲ.

ಮೊದಲು ಗಂಡನಿಗೆ ಹೇಳಿದಳು. ಅವನು ಶಾಲೆಯ ವ್ಯಾನ್ ಓಡಿಸುವವ. ಮೂವತ್ತು ಮಕ್ಕಳ ಗಲಾಟೆಯ ನಡುವೆ ಕಿವಿಯನ್ನು ಬಾಡಿಗೆಗೆ ಬಿಟ್ಟು ಬದುಕುವುದು ಅವನಿಗೆ ಅಭ್ಯಾಸವಾಗಿತ್ತು.

"ರೀ, ಎದೆಯಿಂದ ರಕ್ತ ಬರ್ತಿದೆ."

"ಹೊಸ ಸೋಪು ತಂದಿದ್ಯಲ್ಲ, ಅದೇ ಇರ್ಬೇಕು ಬಿಡು."

"ಸೋಪಿಂದ ರಕ್ತ ಬರುತ್ತಾ?"

"ನಂಗೇನೇ ಗೊತ್ತು? ಸೋಪು ವಿಷಯ ನಿಂದು, ಇಂಜಿನ್ ವಿಷಯ ನಂದು," ಎಂದವನು, ಸ್ವರ ಇಳಿಸಿ, "ಎಣ್ಣೆ ಸೋರಿದ್ರೆ ಗಾಡಿ ನಿಲ್ಲಿಸಿ ನೋಡ್ಬೇಕು. ನಾಳೆನೇ ಡಾಕ್ಟ್ರ ಹತ್ರ ಹೋಗು," ಎಂದ. ಆ ರಾತ್ರಿಯ ಊಟದಲ್ಲಿ ಅವನು ಎರಡನೇ ಸಲ ಬಡಿಸಿಕೊಳ್ಳಲಿಲ್ಲ.

ಬೀದಿಯ ಮೂಲೆಯ ಡಾಕ್ಟರು ಆ ಮನೆಯ ಮೂರು ತಲೆಮಾರಿನ ಕೆಮ್ಮು ನೋಡಿದವರು. ತಲೆಯೆತ್ತದೆ ಬರೆಯುವುದು ಅವರ ಪದ್ಧತಿ. ರೋಗಿಯ ಮುಖ ನೋಡಿದರೆ ಅಕ್ಷರ ಕೆಡುತ್ತದೆ ಎಂದು ಅವರು ನಂಬಿದಂತಿತ್ತು. ಅಕ್ಷರ ಹೇಗೂ ಕೆಟ್ಟೇ ಇತ್ತು.

"ಹಾಲಿರಬೇಕಮ್ಮ. ಈ ವಯಸ್ಸಲ್ಲಿ ಹಾರ್ಮೋನು ಏರುಪೇರಾಗುತ್ತೆ."

"ಹಾಲಲ್ಲ ಡಾಕ್ಟ್ರೇ, ರಕ್ತ. ನನ್ನ ಕೆಲಸವೇ ಅದು, ನಾನು ಪರೀಕ್ಷೆ ಮಾಡಿ ನೋಡ್ದೆ."

"ಪರೀಕ್ಷೆ ಮಾಡಿಬಿಟ್ರಾ? ಹಾಗಾದ್ರೆ ನಾನ್ಯಾಕೆ ಇಲ್ಲಿ ಕೂತಿದೀನಿ?" ಎಂದು ನಕ್ಕು, ಕೊನೆಗೂ ತಲೆಯೆತ್ತಿದರು. "ಎಲ್ಲಿ, ಬಟ್ಟೆ ತೋರಿಸಿ."

"ತೊಳೆದೆ."

"ಎಲ್ಲಾನೂ?"

"ಎಲ್ಲಾನೂ."

"ಕಲೆ ಇಲ್ಲ, ನೋವಿಲ್ಲ, ಗಂಟಿಲ್ಲ," ಎಂದು ಡಾಕ್ಟರು ಬೆರಳು ಮಡಚಿದರು. "ಮತ್ತೆ ಇರೋದೇನಮ್ಮ? ಭಯ ಇದೆ. ಅದಕ್ಕೆ ವಿಟಮಿನ್ ಕೊಡ್ತೀನಿ." ಬಾಗಿಲ ತನಕ ಹೋದವಳನ್ನು ಕರೆದು, "ದಿನಾ ಬೆಳಗ್ಗೆ ಒಂದ್ಸಲ ಹಿಂಡಿ ನೋಡ್ತಿರಿ, ಬರುತ್ತೋ ಇಲ್ವೋ ಅಂತ," ಎಂದೂ ಸೇರಿಸಿದರು.

ಹಿಂಡಿದಳು. ಬಂತು. ಮರುದಿನ ಹಿಂಡಿದಳು. ಇನ್ನಷ್ಟು ಬಂತು, ಈ ಸಲ ಕೆಂಪಿನ ಜೊತೆ ನೀರಿನಂತಹದ್ದೂ. ಬಲಗಡೆಯನ್ನೂ ಬಿಡಲಿಲ್ಲ. ಹತ್ತು ದಿನ ಹಿಂಡಿದ ಮೇಲೆ ಅಲ್ಲಿಯೂ ಏನೋ ಮಸುಕಾದ ಹನಿ ಕಾಣಿಸಿಕೊಂಡಿತು. ಈಗ ಕಲೆಯಕ್ಕನಿಗೆ ಯಾವುದು ತಾನಾಗಿ ಬಂದದ್ದು, ಯಾವುದು ತಾನು ಬರಿಸಿದ್ದು ಎಂದೇ ತಿಳಿಯದಾಯಿತು. ವಿಟಮಿನ್ ಮಾತ್ರ ತನ್ನ ಕೆಲಸ ಮಾಡಿತು. ಹಸಿವು ಹೆಚ್ಚಾಯಿತು.

ಮುಂದಿನದು ದೊಡ್ಡಾಸ್ಪತ್ರೆ. ಅಲ್ಲಿ ಒಂದು ಕೌಂಟರ್, ಕೌಂಟರಿನ ಹಿಂದೆ ಒಬ್ಬ ಗುಮಾಸ್ತೆ, ಗುಮಾಸ್ತೆಯ ಮುಂದೆ ಒಂದು ಫಾರಂ. ಇಪ್ಪತ್ತೆರಡು ವರ್ಷ ಕೌಂಟರಿನ ಒಳಗೆ ನಿಂತವಳಿಗೆ ಹೊರಗೆ ನಿಲ್ಲುವುದು ಎಷ್ಟು ಕಷ್ಟ ಎಂಬುದು ಅಲ್ಲಿ ತಿಳಿಯಿತು. ಕಾಲು ನೋಯುವುದಕ್ಕಿಂತ ಮೊದಲು ಮಾನ ನೋಯುತ್ತದೆ.

"ಏನು ತೊಂದರೆ?" ಎಂದು ಗುಮಾಸ್ತೆ ಗಾಜಿನ ತೂತಿನೊಳಗಿಂದ ಕೂಗಿದಳು.

ಕಲೆಯಕ್ಕ ತೂತಿಗೆ ಬಾಯಿಟ್ಟು ಪಿಸುಗುಟ್ಟಿದಳು.

"ಕೇಳಿಸ್ತಿಲ್ಲ, ಜೋರಾಗಿ ಹೇಳಿ."

"ತೊಟ್ಟಿಂದ ರಕ್ತ," ಎಂದಳು ಕಲೆಯಕ್ಕ ಜೋರಾಗಿ. ಆ ಕ್ಷಣಕ್ಕೆ ಸರಿಯಾಗಿ ಹಾಲ್ ಪೂರ್ತಿ ಮೌನವಾಗಿತ್ತು. ಬೇಕಾದಾಗ ಸಿಗದ ಮೌನ ಇಂಥ ಹೊತ್ತಿನಲ್ಲಿ ತಪ್ಪದೆ ಹಾಜರಿರುತ್ತದೆ.

"ಇಲ್ಲಿ ಹಾಲು ಅಂತಿದೆ, ಕೀವು ಅಂತಿದೆ. ರಕ್ತ ಅಂತ ಇಲ್ಲ," ಎಂದಳು ಗುಮಾಸ್ತೆ.

"ಮತ್ತೆ ನಂಗೆ ಬರ್ತಿರೋದು ರಕ್ತ."

"ಫಾರಂನಲ್ಲಿ ಇಲ್ವಲ್ಲಮ್ಮ. ಹಾಲು ಅಂತ ಹಾಕ್ತೀನಿ. ಒಳಗೆ ಹೇಳ್ಕೊಳ್ಳಿ. ಒಂದು ಕಡೆನಾ, ಎರಡು ಕಡೆನಾ?"

"ಎಡಗಡೆ ತಾನಾಗಿ. ಬಲಗಡೆ ಹಿಂಡಿದ್ರೆ ಮಾತ್ರ..."

"ಎರಡೂ," ಎಂದು ಗುಮಾಸ್ತೆ ಗುರುತು ಹಾಕಿದಳು. "ಮುಂದಿನವರು ಬನ್ನಿ!"

ಒಳಗಿನ ಡಾಕ್ಟರಿಗೆ ರೋಗಿಗಿಂತ ಫಾರಂ ಮೇಲೆ ಹೆಚ್ಚು ನಂಬಿಕೆ. ಹಾಲು, ಎರಡೂ ಕಡೆ ಎಂದು ಬರೆದಿದೆ. ಹಾಗಾದರೆ ಹಾರ್ಮೋನು. ಬಸುರಿಯೇ ಎಂದು ಮೊದಲು ಒಂದು ಪರೀಕ್ಷೆ. ಕಲೆಯಕ್ಕ, "ನನ್ನ ಮಗಳಿಗೆ ಮದುವೆ ವಯಸ್ಸು ಡಾಕ್ಟ್ರೇ," ಎಂದರೂ ಅದು ಫಾರಂನಲ್ಲಿ ಇರಲಿಲ್ಲ. ಥೈರಾಯ್ಡಿಗೊಂದು ಸಲ ರಕ್ತ, ಹಾಲಿನ ಹಾರ್ಮೋನಿಗೊಂದು ಸಲ ರಕ್ತ. ಹೊಟ್ಟೆ ಉರಿಗೆ, ವಾಂತಿಗೆ, ನಿದ್ದೆಗೆ ಏನಾದರೂ ಮಾತ್ರೆ ತಗೋತಿದ್ದೀರಾ ಎಂದು ಕೇಳಿದರು. ಕೆಲವು ಮಾತ್ರೆಗಳಿಂದಲೂ ಹಾಲು ಇಳಿಯುತ್ತದಂತೆ. ಪ್ರಶ್ನೆಗಳೆಲ್ಲ ಸರಿಯಾದವೇ, ಬೇರೆ ಯಾರಿಗಾದರೂ ಕೇಳಿದ್ದರೆ.

"ಡಾಕ್ಟ್ರೇ, ಇದು ಹಾಲಲ್ಲ."

"ಹಾಲಿಗೂ ಬಣ್ಣ ಬೇರೆ ಇರಬಹುದು."

"ಹಾಲಿನ ಕಲೆ ನಾನು ಸಾವಿರ ತೆಗ್ದಿದೀನಿ. ಬಾಣಂತಿಯರ ಬಟ್ಟೆ ಎಲ್ಲಾ ನಮ್ಮಲ್ಲಿಗೇ ಬರೋದು. ಅದು ಹಾಲಲ್ಲ."

"ಸರಿ, ಈಗ ತೋರಿಸಿ."

ಪರದೆಯ ಹಿಂದೆ ಮಲಗಿ ತೋರಿಸಿದಳು. ತೊಟ್ಟು ಒಣಗಿದ ನಲ್ಲಿಯಂತೆ ಸುಮ್ಮನಿತ್ತು. ಅಂಗಡಿಯಲ್ಲಿ ಏಪ್ರನ್ ದಾಟಿ ಬರುವಂಥದ್ದು, ಡಾಕ್ಟರ ಮುಂದೆ ನಾಚಿಕೊಂಡು ಕೂತಿತ್ತು. ಹೊಲಿದು ಕೊಟ್ಟ ಅಂಗಿ ಗಿರಾಕಿಯ ಮುಂದೆ ಹರಿಯುತ್ತದೆ, ಹರಿದದ್ದು ಡಾಕ್ಟರ ಮುಂದೆ ಕೂಡಿಕೊಳ್ಳುತ್ತದೆ ಎಂದು ಕಲೆಯಕ್ಕ ಹಲ್ಲು ಕಚ್ಚಿಕೊಂಡಳು.

ಎದೆಯ ಎಕ್ಸ್‌ರೇ ತೆಗೆಸಿದರು. ತಣ್ಣನೆಯ ಎರಡು ಹಲಗೆಗಳ ನಡುವೆ ಎದೆಯನ್ನು ಇಟ್ಟು ಒತ್ತುವ ಆ ಯಂತ್ರ ಅವಳಿಗೆ ಅಂಗಡಿಯ ಕಾಲರ್ ಪ್ರೆಸ್ ನೆನಪಿಸಿತು. ವ್ಯತ್ಯಾಸ ಇಷ್ಟೇ, ಕಾಲರು ಉಸಿರು ಬಿಗಿಹಿಡಿಯಬೇಕಿಲ್ಲ. "ಇನ್ನೊಂಚೂರು ಒತ್ತಬೇಕು," ಎಂದ ಹುಡುಗಿಗೆ, "ಒತ್ತಮ್ಮ, ಇಸ್ತ್ರಿ ಗರಿಗರಿಯಾಗಿರಲಿ," ಎಂದಳು ಕಲೆಯಕ್ಕ. ಹುಡುಗಿ ನಗಲಿಲ್ಲ. ಇಡೀ ದಿನ ಒತ್ತುವವರಿಗೆ ನಗು ಬರುವುದಿಲ್ಲ.

ವಾರ ಕಳೆದು ಕಾಗದ ಬಂತು. ಎಲ್ಲಾ ನಾರ್ಮಲ್.

"ನಾರ್ಮಲ್ ಅಂತ ಬರ್ದಿದಾರಲ್ಲ," ಎಂದ ಗಂಡ, ವ್ಯಾನಿನ ಹಾರನ್ನನ್ನೇ ಒಮ್ಮೆ ಖುಷಿಯಿಂದ ಹೊಡೆದು. "ಇನ್ನೇನು ಬೇಕೇ ನಿಂಗೆ?"

"ಕಲೆ ನಿಲ್ಬೇಕು."

"ಅದೇ ನಾರ್ಮಲ್ ಅಂತಲ್ಲ!"

"ನಾರ್ಮಲ್ ಅಂತ ಕಲೆಗೆ ಯಾರು ಹೇಳ್ತಾರೆ? ಅದಕ್ಕೆ ಓದಕ್ಕೆ ಬರಲ್ವಲ್ರೀ!"

ಅವಳ ಕೂಗಿಗೆ ಹಾರನ್ನೂ ಬೆಚ್ಚಿತು. ಮರುದಿನ ಬೆಳಗ್ಗೆ ಮಂಚದ ಬಿಳಿ ಹೊದಿಕೆಯ ಮೇಲೆ ಕಾಗದ ಓದದ ಆ ಚುಕ್ಕೆ ಹಾಗೇ ಕೂತಿತ್ತು. ಗಂಡ ಅದನ್ನು ನೋಡಿದ. ಹೊರಗೆ ಹೋಗಿ, ಇನ್ನೂ ಚಾಲೂ ಮಾಡದ ವ್ಯಾನಿನಲ್ಲಿ ಬಹಳ ಹೊತ್ತು ಸ್ಟಿಯರಿಂಗ್ ಹಿಡಿದು ಕೂತ. ಅವನು ಬರುವಷ್ಟರಲ್ಲಿ ಹೊದಿಕೆ ತೊಳೆದು ಹಗ್ಗದ ಮೇಲೆ ಹರವಿಯಾಗಿತ್ತು.

ವಿಷಯ ಹಿಡಿದವಳು ಇಸ್ತ್ರಿಯಮ್ಮ. ಅಂಗಡಿಯ ಇಸ್ತ್ರಿ ಮೇಜಿನ ಹಿಂದೆ ಮೂವತ್ತು ವರ್ಷ ನಿಂತು, ನಾಲಿಗೆಯನ್ನೂ ಅದೇ ಕಾವಿನಲ್ಲಿಟ್ಟುಕೊಂಡ ಹೆಂಗಸು. ಶನಿವಾರ ಅಂಗಡಿಯವರ ಏಪ್ರನ್‌ಗಳಿಗೆ ಇಸ್ತ್ರಿ ಹಾಕುವಾಗ ಒಂದನ್ನು ಎತ್ತಿ ಬೆಳಕಿಗೆ ಹಿಡಿದಳು.

"ಏ ಕಲೆ, ಬಾ ಇಲ್ಲಿ. ಇದು ಯಾರದೇ?"

"ನಂದು."

"ನೀಲಿ ಏಪ್ರನ್ ಮೇಲೆ ಬಿಳಿ ಬೊಟ್ಟು ಇಟ್ಕೊಂಡಿದೀಯಲ್ಲ, ಯಾಕೆ?"

ಕಲೆಯಕ್ಕ ನೋಡಿದಳು. ಎಡಗಡೆ, ಎದೆಯ ಮೇಲೆ, ಪೆರಾಕ್ಸೈಡ್ ಕಲೆಯ ಜೊತೆಗೆ ನೀಲಿಯನ್ನೂ ತಿಂದು ಹಾಕಿತ್ತು. ಒಂದರ ಮೇಲೊಂದು ಸವರಿದ ಬಿಳಿ ಚುಕ್ಕೆಗಳು, ಎಲ್ಲವೂ ಬೆರಳಗಲದ ಒಂದೇ ಜಾಗದಲ್ಲಿ. ಬಲಗಡೆ ಹೊಸ ಬಟ್ಟೆಯ ನೀಲಿ ಹಾಗೇ ಇತ್ತು. ಬೇರೆಯವರ ಬಟ್ಟೆಯಲ್ಲಿ ಒಂದೊಂದು ನೂಲೂ ನೋಡುವವಳು ತನ್ನದನ್ನು ನೋಡಿಯೇ ಇರಲಿಲ್ಲ.

ಹೇಳಿದಳು. ಮೊದಲಿನಿಂದ, ವಕೀಲರ ಬೆರಳಿನಿಂದ, ಕಾಗದ ಬಂದಲ್ಲಿಯವರೆಗೂ ಹೇಳಿದಳು. ಇಸ್ತ್ರಿಯಮ್ಮ ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿ ಇಟ್ಟು ಕೇಳಿದಳು. ಅದು ಅವಳು ಯಾರಿಗೂ ಕೊಡದ ಮರ್ಯಾದೆ.

"ದಡ್ಡಿ. ಗಿರಾಕಿ ತೊಳ್ಕೊಂಡು ಬಂದ್ರೆ ನೀನು ಏನು ಮಾಡ್ತೀಯ?"

"ಬೈತೀನಿ."

"ಉಜ್ಜಿ ಬಂದ್ರೆ?"

"ಇನ್ನೂ ಬೈತೀನಿ."

"ನೀನು ಸಾಕ್ಷಿನ ತೊಳ್ದು, ದಿನಾ ಬೆಳಗ್ಗೆ ಹಿಂಡಿ ಉಜ್ಜಿ, ಖಾಲಿ ಕೈಲಿ ಹೋಗಿ ರಕ್ತ ರಕ್ತ ಅಂತೀಯ. ಡಾಕ್ಟ್ರು ಏನು ಜ್ಯೋತಿಷ್ಯ ಹೇಳ್ಬೇಕಾ? ಊರಿಗೆಲ್ಲ ಚೀಟಿ ಬರೀತೀಯಲ್ಲ, ನಿಂದಕ್ಕೆ ಎಲ್ಲೇ ಚೀಟಿ?"

ಕಲೆಯಕ್ಕ ಕೌಂಟರಿಗೆ ಹೋಗಿ ಪುಸ್ತಕ ತೆರೆದು, ಅಂದಿನ ಮುಂದಿನ ನಂಬರಿನ ಹಳದಿ ಚೀಟಿ ಹರಿದಳು. ನಾಲ್ಕು ಸಾವಿರದ ನಾನೂರ ಹದಿನೇಳು.

ಹಿಂಡುವುದನ್ನು ಅವತ್ತೇ ನಿಲ್ಲಿಸಿದಳು. ಒಳಗಡೆ ಎರಡೂ ಬದಿಗೆ ಬಿಳಿ ಹತ್ತಿ ಬಟ್ಟೆಯ ಚೌಕ ಇಟ್ಟುಕೊಂಡಳು. ಕಲೆ ಬಿದ್ದ ಚೌಕವನ್ನು ತೊಳೆಯದೆ ಒಣಗಿಸಿ, ಚೀಟಿ ಸೇರಿಸಿ, ಪಿನ್ನು ಹಾಕಿ, ಒಂದು ಡಬ್ಬಿಯಲ್ಲಿ ಇಟ್ಟಳು. ಅಷ್ಟೂ ದಿನ ಅವಳಿಗೆ ಅತಿ ಕಷ್ಟವಾದದ್ದು ಭಯವಲ್ಲ. ಡಬ್ಬಿಯಲ್ಲಿ ತೊಳೆಯದ ಕಲೆ ಇದೆ ಎಂದು ಗೊತ್ತಿದ್ದೂ ಸುಮ್ಮನಿರುವುದು. ಅದರ ಪಕ್ಕ ಹಾದುಹೋಗುವಾಗಲೆಲ್ಲ ಕೈ ಕಡಿಯುತ್ತಿತ್ತು. ಮೂರು ವಾರದಲ್ಲಿ ಒಂಬತ್ತು ಚೌಕ, ಒಂಬತ್ತು ಚೀಟಿ, ಎಲ್ಲವೂ ಎಡಗಡೆಯವು. ಹಿಂಡುವುದು ನಿಂತ ಮೇಲೆ ಬಲಗಡೆ ಬಾಯಿ ಮುಚ್ಚಿಕೊಂಡಿತ್ತು.

ಅತ್ತ ಅಂಗಡಿಯ ಯಜಮಾನರು ಚೀಟಿ ಪುಸ್ತಕ ತಿರುವಿ ಹಾಕಿ ಮೈ ಬೆವರಿಸಿಕೊಂಡಿದ್ದರು. ಹೆಸರಿಲ್ಲದ ಒಂಬತ್ತು ಅರ್ಧಚೀಟಿ. ಹಾಗಾದರೆ ಯಾರದೋ ಒಂಬತ್ತು ಬಟ್ಟೆ ಅಂಗಡಿಯಲ್ಲಿ ಕಳೆದಿವೆ. ಒಂದು ಗುಂಡಿ ಬಿದ್ದರೆ ಮೂರು ದಿನ ನಿದ್ದೆಗೆಡುವ ಮನುಷ್ಯ ಅವರು.

"ಕಲೆಯಕ್ಕ, ಈ ಒಂಬತ್ತು ಎಲ್ಲಮ್ಮ?"

"ಬರುತ್ವೆ ಸಾರ್."

"ಎಲ್ಲಿಂದ ಬರುತ್ವೆ?"

"ಪರೀಕ್ಷೆಗೆ ಹೊರಟಿದಾವೆ."

"ಬಟ್ಟೆಗೆ ಎಂಥ ಪರೀಕ್ಷೆ!" ಎಂದು ಯಜಮಾನರು ಬೀರುವಿನ ಕೆಳಗೆ ಟಾರ್ಚ್ ಬಿಟ್ಟರು. ಇಸ್ತ್ರಿಯಮ್ಮ "ನಾನು ಹೇಳ್ಲಾ?" ಎಂದು ಕಣ್ಣಲ್ಲಿ ಕೇಳಿದಳು. ಕಲೆಯಕ್ಕ ತಲೆ ಅಲ್ಲಾಡಿಸಿದಳು. ವಕೀಲರ ಬೆರಳೊಂದೇ ಸಾಕಾಗಿತ್ತು. ಯಜಮಾನರ ಟಾರ್ಚೂ ಆ ಕಡೆ ತಿರುಗುವುದು ಬೇಡ.

ಮೂರನೆಯ ಡಾಕ್ಟರು ಇನ್ನೊಂದು ಆಸ್ಪತ್ರೆಯ ಸರ್ಜನ್, ಗಿಡ್ಡ ಕೂದಲಿನ ಹೆಂಗಸು. ಆ ಕೌಂಟರಿನವನು ಡಬ್ಬಿ ನೋಡಿ, "ಇದೇನಮ್ಮ, ಲಾಂಡ್ರಿ ಬಟ್ಟೆನಾ? ತಪ್ಪಿ ಬಂದಿದೀರಾ?" ಎಂದ. "ಇಲ್ಲಪ್ಪ, ಈ ಸಲ ಸರಿಯಾಗೇ ಬಂದಿದೀನಿ," ಎಂದು ಕಲೆಯಕ್ಕ ಒಳಗೆ ಹೋಗಿ ಮೇಜಿನ ಮೇಲೆ ಒಂಬತ್ತು ಚೌಕವನ್ನೂ ಸಾಲಾಗಿ ಹರವಿದಳು. ಮಾತಾಡಲಿಲ್ಲ. ಎರಡು ತಿಂಗಳು ಮಾತಾಡಿ ಸಾಕಾಗಿತ್ತು.

ಸರ್ಜನ್ ಕನ್ನಡಕ ಏರಿಸಿ ಮೊದಲ ಚೀಟಿ ಓದಿದರು. "ಬಣ್ಣ ಕಂದುಗೆಂಪು, ಅಂಚು ನೀರು. ಎಡ ಮಾತ್ರ. ತಾನಾಗಿ. ಬೆಳಗ್ಗೆ ಎದ್ದಾಗ. ಉಜ್ಜಿಲ್ಲ." ಎರಡನೆಯದು ಓದಿದರು. ಮೂರನೆಯದು. ಒಂಬತ್ತೂ ಮುಗಿದ ಮೇಲೆ, "ಇದನ್ನ ಯಾರು ಬರ್ಕೊಟ್ರು?" ಎಂದರು.

"ನಾನೇ. ಅಂಗಡೀಲಿ ಬರೆಯೋ ಹಾಗೆ."

"ನನ್ನ ವಿದ್ಯಾರ್ಥಿಗಳಿಗೆ ಈ ಐದು ಪ್ರಶ್ನೆ ಕೇಳಿ ಅಂತ ಹೇಳ್ಕೊಡಕ್ಕೆ ನಂಗೆ ಒಂದು ವರ್ಷ ಬೇಕಾಗುತ್ತೆ ಕಣ್ರೀ," ಎಂದು ಸರ್ಜನ್ ಪೆನ್ನು ಕೆಳಗಿಟ್ಟರು. "ಎರಡೂ ಕಡೆ, ಹಿಂಡಿದ್ರೆ ಮಾತ್ರ, ಹಾಲೋ ಹಸಿರೋ ಬಂದ್ರೆ ನಾನು ಇಷ್ಟು ತಲೆ ಕೆಡಿಸ್ಕೊಳ್ಳಲ್ಲ. ಒಂದೇ ಕಡೆ, ತಾನಾಗೇ, ರಕ್ತ ಅಥವಾ ತಿಳಿನೀರು, ಅದೂ ಒಂದೇ ರಂಧ್ರದಿಂದ ಅಂದ್ರೆ ನೋಡದೆ ಬಿಡಲ್ಲ. ಮನೇಲಿ ಯಾರಿಗಾದ್ರೂ ಇತ್ತಾ?"

"ಚಿಕ್ಕಮ್ಮಂಗೆ." ಕಲೆಯಕ್ಕ ಒಂದು ಚೌಕದ ಅಂಚನ್ನು ನೇರ ಮಾಡಿದಳು. "ಅವಳು ಹೇಳ್ಲಿಲ್ಲ. ನಾನು ಎಲ್ರಿಗೂ ಹೇಳ್ದೆ."

ಸರ್ಜನ್ ಕೈಗವಸು ಹಾಕಿಕೊಂಡರು. ಮಲಗಿಸಿ, ಒಂದು ಬೆರಳಿನಿಂದ ತೊಟ್ಟಿನ ಸುತ್ತ ಗಡಿಯಾರದಂತೆ ಒತ್ತುತ್ತಾ ಬಂದರು. ಹನ್ನೆರಡು, ಒಂದು, ಎರಡು, ಮೂರು. ಏನೂ ಇಲ್ಲ. ನಾಲ್ಕು ಗಂಟೆಯ ಜಾಗಕ್ಕೆ ಬಂದಾಗ ಒಂದೇ ರಂಧ್ರದಲ್ಲಿ ಒಂದೇ ಹನಿ ನಿಂತಿತು. ಬಿಳಿ ಹತ್ತಿಯಲ್ಲಿ ಒತ್ತಿಕೊಂಡು ಬೆಳಕಿಗೆ ಹಿಡಿದರು. ಕಲೆಯಕ್ಕ ಹಿಡಿಯುವ ರೀತಿಯಲ್ಲೇ.

"ಇಷ್ಟು ದಿನ ನಾಚ್ಕೊಂಡಿತ್ತು," ಎಂದಳು ಕಲೆಯಕ್ಕ.

"ನಾಲ್ಕು ಗಂಟೆಗೆ ಸರಿಯಾಗಿ ಕರೆದ್ರೆ ಬರುತ್ತೆ. ಉಳಿದವರು ಬೇರೆ ಹೊತ್ತಿಗೆ ಬಂದಿರ್ತಾರೆ. ನೀವೇ ದಿನಾ ಹಿಂಡ್ಬೇಡಿ, ಹಿಂಡಿದಷ್ಟೂ ಅದು ನಿಲ್ಲಲ್ಲ, ಯಾವುದು ಏನು ಅಂತಾನೂ ತಿಳಿಯಲ್ಲ."

ಜಿಗುಟಾದ ತಣ್ಣನೆಯ ಜೆಲ್ ಸವರಿ ಸ್ಕ್ಯಾನ್ ಮಾಡಿದರು. ತೆರೆಯ ಮೇಲೆ ಬೂದು ಮೋಡಗಳ ನಡುವೆ, ಊದಿಕೊಂಡ ಒಂದು ಸಣ್ಣ ನಾಳ, ನಾಳದೊಳಗೆ ಅಕ್ಕಿಕಾಳಿನಷ್ಟು ಏನೋ ಜೋತುಬಿದ್ದಿತ್ತು. ಎಕ್ಸ್‌ರೇಗೆ ಇಷ್ಟು ಚಿಕ್ಕದು ಎಷ್ಟೋ ಸಲ ಕಾಣುವುದಿಲ್ಲ ಎಂದರು ಸರ್ಜನ್. ಹೆಚ್ಚಿನ ಪಾಲು ಇಂಥವು ಹಾಲಿನ ನಾಳದೊಳಗಿನ ನಿರಪಾಯದ ಮೊಳಕೆ, ನರುಲಿಯಂಥದ್ದು. ಕೆಲವೊಮ್ಮೆ ಅಲ್ಲ. ಹೊರಗಿಂದ ನೋಡಿ ಹೇಳಲಾಗದು. ಆ ನಾಳವನ್ನು ತೆಗೆದು ಲ್ಯಾಬಿಗೆ ಕಳಿಸಬೇಕು. "ಈ ಚೀಟಿ, ಬಟ್ಟೆ ನನ್ನ ಹತ್ರ ಇರ್ಲಿ," ಎಂದು ಫೈಲಿನೊಳಗೆ ಇಟ್ಟುಕೊಂಡರು. ಆ ಹೊತ್ತಿನಲ್ಲಿ ಕಲೆಯಕ್ಕ, ಎರಡೂ ಎದೆಯನ್ನು ಕೇಳಿದ್ದರೂ ಬಿಟ್ಟು ಬರುತ್ತಿದ್ದಳು. ಅವಳ ಮಾತನ್ನು ಒಬ್ಬರು ಓದಿದ್ದರು.

ಆಪರೇಷನ್ ಚಿಕ್ಕದು. ಬೆಳಗ್ಗೆ ಹೋಗಿ ಸಂಜೆ ಬಂದಳು. ದೊಡ್ಡದು ಆಮೇಲಿನ ಹತ್ತು ದಿನ.

"ರಿಪೋರ್ಟ್ ಬಂದಿದೆಯಾ?" ಎಂದು ಲ್ಯಾಬಿನ ಕಿಟಕಿಯಲ್ಲಿ ಕೇಳಿದಳು.

"ನಾಳೆ ಬನ್ನಿ."

ನಾಳೆ ಹೋದಳು. "ಇನ್ನೂ ರೆಡಿ ಆಗಿಲ್ಲ, ನಾಳೆ ಬನ್ನಿ." ಇಪ್ಪತ್ತೆರಡು ವರ್ಷ ತಾನು ಗಿರಾಕಿಗಳಿಗೆ ಕೊಟ್ಟ ನಾಳೆಗಳೆಲ್ಲ ಒಟ್ಟಾಗಿ ಈ ಕಿಟಕಿಯಲ್ಲಿ ಕಾದು ಕೂತಿದ್ದವು ಎಂದು ಅವಳಿಗೆ ಅನ್ನಿಸಿತು. ಮೂರನೇ ದಿನ ಗಂಡನೇ ವ್ಯಾನ್ ನಿಲ್ಲಿಸಿ ಬಂದು ಕಿಟಕಿಗೆ ತಲೆಯಿಟ್ಟ. "ಮಕ್ಕಳನ್ನ ನಾಳೆ ತಲುಪಿಸ್ತೀನಿ ಅಂದ್ರೆ ನಮ್ಮನ್ನ ಯಾರಾದ್ರೂ ಬಿಡ್ತಾರೇನ್ರೀ?" ಎಂದು ಹಾರನ್ನಿನ ಸ್ವರದಲ್ಲಿ ಕೇಳಿದ. ಒಳಗಿನವನು, "ನಾಳೆ ಬನ್ನಿ ಸಾರ್," ಎಂದ.

ಅಂಗಡಿಯಲ್ಲೂ ಅದೇ ಕಥೆ. ಯಜಮಾನರು ಬೀರು ಸರಿಸಿದರು. ತೊಳೆಯುವ ಯಂತ್ರದ ಹಿಂಭಾಗ ಬಿಚ್ಚಿಸಿದರು. ಹತ್ತು ವರ್ಷದ ಹಿಂದೆ ಕಳೆದ ಒಂದು ಕಾಲುಚೀಲ ಸಿಕ್ಕಿತು, ಒಂಬತ್ತು ಬಟ್ಟೆ ಸಿಗಲಿಲ್ಲ. ಎದೆಗೆ ಪಟ್ಟಿ ಬಿಗಿದುಕೊಂಡು ಕೌಂಟರಿನಲ್ಲಿ ನಿಂತ ಕಲೆಯಕ್ಕ ಇದನ್ನೆಲ್ಲ ನೋಡುತ್ತಿದ್ದಳು. ತಾನು ಬದುಕುತ್ತೇನೋ ಇಲ್ಲವೋ ಎಂಬುದು ಒಂದು ಕಿಟಕಿಯಲ್ಲಿ ಸಿಕ್ಕಿಕೊಂಡಿದೆ, ಹೇಳಿದರೆ ನಗೆಪಾಟಲು, ಹೇಳದಿದ್ದರೆ ಈ ಮನುಷ್ಯ ಗೋಡೆಯನ್ನೂ ಬಿಚ್ಚಿಸುತ್ತಾನೆ. ಯಾರ ಮೇಲೆ ಕೂಗಬೇಕೋ ತಿಳಿಯದೆ ಒಬ್ಬ ಗಿರಾಕಿಗೆ, "ಉಜ್ಜಿದಿರಾ?" ಎಂದು ಎಷ್ಟು ಜೋರಾಗಿ ಕೇಳಿದಳೆಂದರೆ ಅವನು ಉಜ್ಜದಿದ್ದರೂ ತಪ್ಪೊಪ್ಪಿಕೊಂಡ.

"ಸರ್ಜನ್ ಹತ್ರ ಚೀಟಿ ವಾಪಸ್ ಕೇಳೇ," ಎಂದಳು ಇಸ್ತ್ರಿಯಮ್ಮ.

"ಹೇಗೆ ಕೇಳ್ಲಿ? ಅವರು ನನ್ನ ಪ್ರಾಣ ನೋಡ್ತಿದಾರೆ, ನಾನು ಚೀಟಿ ಕೇಳ್ಲಾ?"

ಹನ್ನೊಂದನೇ ದಿನ ಸರ್ಜನ್ ಕರೆಸಿದರು. ಗಂಡ ಬಾಗಿಲ ಹೊರಗೆ ನಿಂತ. ಒಳಗೆ ಸರ್ಜನ್ ಒಬ್ಬರೇ ಇರಲಿಲ್ಲ. ಬಿಳಿ ಕೋಟಿನ ನಾಲ್ಕು ಜನ ಕಲಿಯುವ ಡಾಕ್ಟರುಗಳು ಗೋಡೆಗೆ ಒರಗಿ ನಿಂತಿದ್ದರು. ಮೇಜಿನ ಮೇಲೆ ದಪ್ಪ ಫೈಲು, ಅದರೊಳಗಿಂದ ಹಳದಿ ಮೂಲೆಗಳು ಇಣುಕುತ್ತಿದ್ದವು.

"ಕ್ಯಾನ್ಸರ್ ಅಲ್ಲ," ಎಂದರು ಸರ್ಜನ್, ಕೂರುವುದಕ್ಕೂ ಮೊದಲು. "ನಿರಪಾಯದ ಮೊಳಕೆ. ಪೂರ್ತಿ ಬಂದಿದೆ. ಆರು ತಿಂಗಳಿಗೊಮ್ಮೆ ಬಂದು ತೋರಿಸಿ, ಅಷ್ಟೇ."

ಕಲೆಯಕ್ಕ ಕುರ್ಚಿ ಎಳೆದು ಕೂತಳು. ಹೊರಗೆ ಗಂಡ ಬಾಗಿಲಿಗೆ ಕಿವಿಯಿಟ್ಟಿದ್ದನೆಂದು ಕಾಣುತ್ತದೆ, ಆ ಕಡೆಯಿಂದ ಮೂಗು ಎಳೆದುಕೊಳ್ಳುವ ಸದ್ದು ಬಂತು. ಅವಳಿಗೆ ಅಳು ಬರಬೇಕಿತ್ತು. ಬರಲಿಲ್ಲ. ಎರಡು ತಿಂಗಳ ಸಿಟ್ಟು ಅಡ್ಡ ಕೂತಿತ್ತು.

ಸರ್ಜನ್ ಫೈಲು ತೆರೆದು ಕಲಿಯುವವರ ಕಡೆ ತಿರುಗಿಸಿದರು. "ನೋಡಿ ಇವರು. ಒಬ್ರು ಇವರ ಮುಖ ನೋಡ್ಲಿಲ್ಲ, ಇನ್ನೊಬ್ರು ಫಾರಂ ನೋಡಿದ್ರು. ಇವರೇ ತಮ್ಮ ಕೇಸನ್ನ ಬರ್ಕೊಂಡು ಬಂದ್ರು. ಬಣ್ಣ, ಬದಿ, ತಾನಾಗೋ ಹಿಂಡಿದ್ದೋ, ಎಲ್ಲಾ ಇದೆ. ಇದನ್ನ ನಾನು ಜೋಪಾನ ಮಾಡಿ ಪ್ರತಿವರ್ಷ ತೋರಿಸ್ತೀನಿ." ಆಮೇಲೆ ಕಲೆಯಕ್ಕನ ಕೈಮೇಲೆ ಕೈಯಿಟ್ಟು, ಮೃದುವಾಗಿ ಕೇಳಿದರು: "ಇಷ್ಟು ದಿನ ನಿಮ್ಮನ್ನ ಯಾರೂ ಸರಿಯಾಗಿ ಕೇಳ್ಲಿಲ್ಲ. ಈಗ ನಾವೆಲ್ಲ ಕೇಳ್ತಿದೀವಿ. ನಮ್ಮಿಂದ, ಡಾಕ್ಟರುಗಳಿಂದ, ನಿಮಗೆ ಏನು ಬೇಕು? ಮನಸ್ಸಲ್ಲಿರೋದು ಹೇಳಿಬಿಡಿ."

ನಾಲ್ಕು ಪೆನ್ನುಗಳು ಸಿದ್ಧವಾದವು. ಕೋಣೆಯಲ್ಲಿ ಮೌನ. ಈ ಸಲ ಬೇಕಾದ ಹೊತ್ತಿಗೇ ಬಂದ ಮೌನ.

ಕಲೆಯಕ್ಕ ಹಳದಿ ಮೂಲೆಗಳನ್ನೇ ನೋಡುತ್ತಾ ಗಂಟಲು ಸರಿಮಾಡಿಕೊಂಡಳು.

"ಆ ಒಂಬತ್ತೂ ಚೀಟಿ ಬಿಚ್ಚಿಕೊಡಿ ಡಾಕ್ಟ್ರೇ. ನಮ್ ಅಂಗಡಿ ಯಜಮಾನರು ಇವತ್ತು ನೆಲದ ಹಲಗೆ ಕೀಳಿಸಕ್ಕೆ ಆಳು ಕರೆಸಿದಾರೆ."